ಕಬ್ಬಿಣದ ರೂಪಸ್ಮೃತಿಯೂ ಬೆರಕೆಯ ಧಾತುಗಳೂ

1882ರಲ್ಲಿ ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ, ತಂದೆಯ ಉಕ್ಕಿನ ಎರಕದ ಕಾರ್ಖಾನೆಯಲ್ಲಿದ್ದ ರಾಬರ್ಟ್ ಹ್ಯಾಡ್‌ಫೀಲ್ಡ್ ಎಂಬ, ಇನ್ನೂ ಇಪ್ಪತ್ತೈದು ತುಂಬದ ತರುಣನೊಬ್ಬನು ಉಕ್ಕಿಗೆ ಮ್ಯಾಂಗನೀಸನ್ನು ಬೆರೆಸಿ ನೋಡುವ ಪ್ರಯೋಗದಲ್ಲಿ ತೊಡಗಿ, ಅನುಭವಸ್ಥರಾದ ಹಿರಿಯರು ಯಾವ ಎಲ್ಲೆಯ ಬಳಿ ಕೈಚೆಲ್ಲಿ ಹಿಂದಿರುಗಿದ್ದರೋ ಆ ಎಲ್ಲೆಯನ್ನು ದಾಟಿ ಮುಂದಕ್ಕೆ ಹೋದನು. ಅಲ್ಪಪ್ರಮಾಣದ ಮ್ಯಾಂಗನೀಸ್ ಉಕ್ಕಿಗೆ ಹಿತಕರವೆಂಬುದೂ, ನೂರಕ್ಕೆ ಮೂರು ನಾಲ್ಕು ಪಾಲನ್ನು ಮೀರಿದರೆ ಲೋಹವು ಪೆಡಸಾಗಿ ಸುತ್ತಿಗೆಯ ಪೆಟ್ಟಿಗೆ ಒಡೆದುಹೋಗುವುದೆಂಬುದೂ ಆ ಕಾಲಕ್ಕೆ ಇತ್ಯರ್ಥವಾಗಿದ್ದ ಸಂಗತಿಗಳು. ಆದರೆ ಹ್ಯಾಡ್‌ಫೀಲ್ಡನು ಅದೇ ಮ್ಯಾಂಗನೀಸನ್ನು ನೂರಕ್ಕೆ ಹನ್ನೆರಡು ಹದಿಮೂರು ಪಾಲಿನವರೆಗೆ ಏರಿಸಿದಾಗ ಪೆಡಸುತನವು ಮಾಯವಾಗಿ, ಅಯಸ್ಕಾಂತಕ್ಕೆ ಅಂಟದ, ಪೆಟ್ಟು ಬಿದ್ದಷ್ಟೂ ಗಟ್ಟಿಯಾಗುತ್ತ ಹೋಗುವ, ರೈಲುಹಳಿಗಳು ಒಂದನ್ನೊಂದು ಅಡ್ಡಹಾಯುವ ಕಡೆಗಳಲ್ಲಿಯೂ ಕಲ್ಲುಪುಡಿಮಾಡುವ ಯಂತ್ರಗಳ ದವಡೆಗಳಲ್ಲಿಯೂ ಇಂದಿಗೂ ದುಡಿಯುತ್ತಿರುವ ಅಪೂರ್ವವಾದ ಉಕ್ಕೊಂದು ಅವನ ಕೈಸೇರಿತು. ವಿದ್ಯುತ್ ಪರಿವರ್ತಕಗಳ ಒಡಲಿಗೆ ಬೇಕಾದ ಸಿಲಿಕಾನ್ ಉಕ್ಕನ್ನು ರೂಢಿಗೆ ತಂದವನೂ ಇವನೇ. ಪ್ರಾಸಂಗಿಕವಾಗಿ ಹೇಳತಕ್ಕ ಮಾತೊಂದುಂಟು: ದೆಹಲಿಯ ಕಬ್ಬಿಣದ ಸ್ತಂಭದ ಚೂರೊಂದನ್ನು ಪರೀಕ್ಷಿಸಿ, ಅದರಲ್ಲಿರುವ ಧಾತುಗಳ ಲೆಕ್ಕವನ್ನು 1912ರಲ್ಲಿ ಪ್ರಕಟಿಸಿದವನೂ ಈ ಹ್ಯಾಡ್‌ಫೀಲ್ಡನೇ, ಅವನ ಪಟ್ಟಿಯಲ್ಲಿ ಮ್ಯಾಂಗನೀಸಿನ ಎದುರಿಗೆ ಬರೆದದ್ದು ಶೂನ್ಯ.

ಆತನ ಆ ಪ್ರಯೋಗಕ್ಕೆ ಸರಿಯಾಗಿ ನೂರು ವರ್ಷಗಳು ತುಂಬಿದಾಗ, 1982ರಲ್ಲಿ, ಜಪಾನಿನ ಸಾತೊ ಮತ್ತು ಅವರ ಸಹೋದ್ಯೋಗಿಗಳು ಕಬ್ಬಿಣಕ್ಕೆ ನೂರಕ್ಕೆ ಮೂವತ್ತು ಪಾಲು ಮ್ಯಾಂಗನೀಸನ್ನೂ ಒಂದು ಪಾಲು ಸಿಲಿಕಾನನ್ನೂ ಕೂಡಿಸಿ, ಆ ಮಿಶ್ರಲೋಹದ ಒಂಟಿ ಹರಳನ್ನು ಬೆಳೆಸಿ, ಅದನ್ನು ಎಳೆದು ವಿರೂಪಗೊಳಿಸಿ ಕಾಯಿಸಿದಾಗ ಅದು ತನ್ನ ಮೊದಲಿನ ರೂಪಕ್ಕೆ ತಾನಾಗಿ ಹಿಂದಿರುಗುವುದನ್ನು ವರದಿಮಾಡಿದರು. ಹ್ಯಾಡ್‌ಫೀಲ್ಡನು ಬೇರೆ ಬೇರೆಯಾಗಿ ಪಳಗಿಸಿದ್ದ ಎರಡು ಧಾತುಗಳು ಒಂದೇ ಮೂಸೆಯಲ್ಲಿ ಕೂಡಿದಾಗ, ಎರಡಕ್ಕೂ ಪ್ರತ್ಯೇಕವಾಗಿ ಇಲ್ಲದಿದ್ದ ಗುಣವೊಂದು ಅಲ್ಲಿ ಕಾಣಿಸಿಕೊಂಡಿತು. ಇದನ್ನು ರೂಪಸ್ಮೃತಿಯೆಂದು ಕರೆಯುವುದು ಈಗ ವಾಡಿಕೆಯಾಗಿದೆ.

ರೂಪಸ್ಮೃತಿಯುಳ್ಳ ಲೋಹಗಳು ಆ ಹೊತ್ತಿಗೆ ಹೊಸವೇನೂ ಆಗಿರಲಿಲ್ಲ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಅವರು 1959ರ ಸುಮಾರಿನಿಂದ ಅಭ್ಯಾಸಮಾಡುತ್ತ ಬಂದ ನಿಕಲ್-ಟೈಟೇನಿಯಮ್ ಮಿಶ್ರಣವು ನಿಟಿನಾಲ್ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಗಿ, ರಕ್ತನಾಳವನ್ನು ತೆರೆದಿಡುವ ಸ್ಟೆಂಟಿನಿಂದ ಹಿಡಿದು ಹಲ್ಲುಗಳನ್ನು ಸಾಲಿಗೆ ತರುವ ತಂತಿಯವರೆಗೆ ಸೂಕ್ಷ್ಮವಾದ ಕಾರ್ಯಗಳಲ್ಲಿ ನೆಲೆಯೂರಿತು. ಆದರೆ ಅದು ಶ್ರೀಮಂತರ ಮನೆಯ ಲೋಹ. ದ್ರವರೂಪದ ಟೈಟೇನಿಯಮ್ ಗಾಳಿಯ ಆಮ್ಲಜನಕವನ್ನು ಕಂಡೊಡನೆ ಹೀರಿಕೊಳ್ಳುವುದರಿಂದ ಅದನ್ನು ನಿರ್ವಾತದಲ್ಲಿಯೇ ಕರಗಿಸಬೇಕು; ನಿಕಲ್‌ನ ಪಾಲು ನೂರಕ್ಕೆ ಒಂದರ ಹತ್ತನೆಯ ಒಂದು ಭಾಗದಷ್ಟು ಹೆಚ್ಚಾದರೂ ರೂಪಾಂತರದ ಉಷ್ಣತೆಯು ಸುಮಾರು ಹತ್ತು ಡಿಗ್ರಿಗಳಷ್ಟು ಕೆಳಕ್ಕೆ ಜಾರುತ್ತದೆ. ಗುಲಗಂಜಿ ತೂಕದ ಸ್ಟೆಂಟಿಗೆ ಈ ವೆಚ್ಚವೂ ಈ ಎಚ್ಚರವೂ ಒಪ್ಪಬಹುದು. ಸೇತುವೆಯ ತೊಲೆಗೆ, ಸುರಂಗದ ಕೊಳವೆಗೆ, ಹತ್ತಾರು ಅಂತಸ್ತಿನ ಕಟ್ಟಡಕ್ಕೆ ಒಪ್ಪುವುದೆಂತು? ಟನ್ನುಗಟ್ಟಲೆ ಬೇಕಾದ ಕಡೆ ಮನುಷ್ಯನಿಗೆ ಕಬ್ಬಿಣವೇ ಗತಿ.

ಕಬ್ಬಿಣಕ್ಕೆ ಹುಟ್ಟಿನಿಂದ ಈ ಗುಣವಿಲ್ಲ. ಕೆಂಪಗೆ ಕಾಯ್ದ ಉಕ್ಕನ್ನು ನೀರಿನಲ್ಲಿ ಅದ್ದಿದಾಗ ಅದರ ಪರಮಾಣುಗಳು ಒಂದೊಂದಾಗಿ ಅಲೆದಾಡದೆ, ಸೈನ್ಯದ ಪಂಕ್ತಿಯಂತೆ ಒಟ್ಟಿಗೆ ಹೆಜ್ಜೆಯಿಟ್ಟು ಹೊಸ ವಿನ್ಯಾಸವೊಂದಕ್ಕೆ ಸರಿಯುವುದನ್ನೂ, ಹಾಗೆ ಸರಿದಾಗ ಹುಟ್ಟುವ ಕಠಿಣ ರೂಪಕ್ಕೆ ಬರ್ಲಿನ್ನಿನ ಲೋಹವಿಜ್ಞಾನಿ ಅಡಾಲ್ಫ್ ಮಾರ್ಟೆನ್ಸ್ ಅವರ ನೆನಪಿನಲ್ಲಿ ಮಾರ್ಟೆನ್ಸೈಟ್ ಎಂದು ಹೆಸರಿಟ್ಟಿರುವುದನ್ನೂ ಬಲ್ಲವರು ಬಲ್ಲರು. ರೂಪಸ್ಮೃತಿಗೆ ಬೇಕಾದದ್ದು ಇಂಥ ಸಾಮೂಹಿಕ ಸರಿತವೇ. ಆದರೆ ಹೋದ ದಾರಿಯಲ್ಲಿಯೇ ಹಿಂದಿರುಗುವ ಸರಿತವಾಗಿರಬೇಕು. ಸಾಮಾನ್ಯವಾದ ಉಕ್ಕಿನಲ್ಲಿ ಈ ಪರಿವರ್ತನೆಯು ಎಷ್ಟು ಒರಟಾಗಿ ನಡೆಯುವುದೆಂದರೆ, ಸುತ್ತಲಿನ ಹರಳು ಹರಿದು ಜಾರಿ ಹೋಗಿ, ಹಿಂದಿರುಗುವ ಹಾದಿಯೇ ಮುಚ್ಚಿಹೋಗುತ್ತದೆ. ಮತ್ತೆ ಕಾಯಿಸಿದರೆ ಇಂಗಾಲವು ಬೇರ್ಪಟ್ಟು ಲೋಹದ ಸ್ವಭಾವವೇ ಬದಲಾಗುತ್ತದೆ. ಆದಕಾರಣ ಕಬ್ಬಿಣಕ್ಕೆ ಸ್ಮೃತಿಯನ್ನು ಕಲಿಸಹೊರಟವರು ಈ ಹಳೆಯ ಮಾರ್ಟೆನ್ಸೈಟನ್ನು ಬದಿಗಿಟ್ಟು, ಮತ್ತೊಂದು ಸೌಮ್ಯವಾದ ಮಾರ್ಟೆನ್ಸೈಟನ್ನು ಅರಸಬೇಕಾಯಿತು.

ಅದು ಎಂಥದೆಂಬುದನ್ನು ತಿಳಿಯಲು ಸಂತೆಯಲ್ಲಿ ನಿಂಬೆಹಣ್ಣುಗಳನ್ನು ಒಪ್ಪವಾಗಿ ಪೇರಿಸಿಟ್ಟ ರಾಶಿಯನ್ನು ಕಣ್ಣಮುಂದೆ ತಂದುಕೊಂಡರೆ ಸಾಕು. ಕೆಳಗಿನ ಪದರದ ಹಣ್ಣುಗಳ ನಡುವಣ ಕುಳಿಗಳಲ್ಲಿ ಎರಡನೆಯ ಪದರವು ಕೂರುತ್ತದೆ. ಮೂರನೆಯ ಪದರಕ್ಕೆ ಎರಡು ಆಯ್ಕೆಗಳು ಒದಗುತ್ತವೆ: ಮೊದಲನೆಯ ಪದರದ ನೇರ ಮೇಲಕ್ಕೆ ಬಂದು ಕೂರಬಹುದು, ಇಲ್ಲವೆ ಎರಡಕ್ಕೂ ಹೊಂದದ ಮೂರನೆಯ ಸ್ಥಾನವನ್ನು ಹಿಡಿಯಬಹುದು. ಕ, ಖ, ಗ, ಕ, ಖ, ಗ ಎಂದು ಮೂರು ಸ್ಥಾನಗಳಲ್ಲಿ ಸುತ್ತುವ ಪೇರಿಕೆಯು ಘನಾಕೃತಿಯ ಹರಳು. ಅದೇ ಆಸ್ಟೆನೈಟ್, ಲೋಹಜ್ಞರ ಭಾಷೆಯಲ್ಲಿ ಗ್ಯಾಮಾ. ಕ, ಖ, ಕ, ಖ ಎಂದು ಎರಡೇ ಸ್ಥಾನಗಳಲ್ಲಿ ಓಲಾಡುವ ಪೇರಿಕೆಯು ಷಡ್ಭುಜಾಕೃತಿಯ ಹರಳು. ಅದಕ್ಕೆ ಎಪ್ಸಿಲಾನ್ ಎಂದು ಹೆಸರು. ಶುದ್ಧವಾದ ಕಬ್ಬಿಣವನ್ನು ಎಪ್ಸಿಲಾನ್ ರೂಪಕ್ಕೆ ತರಬೇಕಾದರೆ ಒಂದು ಲಕ್ಷಕ್ಕೂ ಮಿಕ್ಕ ವಾಯುಮಂಡಲಗಳ ಒತ್ತಡ ಬೇಕು. ತಕ್ಕಷ್ಟು ಮ್ಯಾಂಗನೀಸ್ ಬೆರೆತರೆ ಆ ಒತ್ತಡದ ಹಂಗಿಲ್ಲದೆಯೇ ಅದು ದೊರೆಯುತ್ತದೆ.

ಗ್ಯಾಮಾದಿಂದ ಎಪ್ಸಿಲಾನಿಗೆ ಹೋಗಲು ಎರಡು ಪದರಗಳಿಗೊಮ್ಮೆ ಒಂದು ಸಣ್ಣ ಸರಿತ ನಡೆದರೆ ಆಯಿತು. ಆ ಸರಿತದ ಅಳತೆ ಒಂದೂವರೆ ಆಂಗ್‌ಸ್ಟ್ರಾಮಿಗಿಂತ ತುಸು ಕಡಿಮೆ, ಅಂದರೆ ಒಂದು ಪರಮಾಣುವಿನ ಅಗಲಕ್ಕಿಂತಲೂ ಚಿಕ್ಕದು. ಹೊರಗಿನಿಂದ ಎಳೆತ ಬಿದ್ದಾಗ, ಆ ಎಳೆತಕ್ಕೆ ಅನುಕೂಲವಾದ ದಿಕ್ಕಿನಲ್ಲಿ ಪದರಗಳು ಸರಿದು ತೆಳುವಾದ ಎಪ್ಸಿಲಾನ್ ಫಲಕಗಳು ಹುಟ್ಟುತ್ತವೆ, ಲೋಹದ ಕಂಬಿ ಉದ್ದವಾಗುತ್ತದೆ. ಕಾಯಿಸಿದಾಗ ಎಪ್ಸಿಲಾನ್ ಅಳಿದು ಗ್ಯಾಮಾ ಮರಳುತ್ತದೆ, ಕಂಬಿ ಗಿಡ್ಡವಾಗುತ್ತದೆ. ಹೇಳುವುದಕ್ಕೆ ಇಷ್ಟು ಸುಲಭ. ಆದರೆ ಇಲ್ಲಿ ಒಂದು ತೊಡಕಿದೆ, ಮತ್ತು ಈ ಅಧ್ಯಾಯದ ಹುರುಳೆಲ್ಲ ಆ ತೊಡಕಿನಲ್ಲಿಯೇ ಇದೆ. ಷಡ್ಭುಜಾಕೃತಿಯಿಂದ ಘನಾಕೃತಿಗೆ ಮರಳಲು ಪ್ರತಿಯೊಂದು ಪದರಕ್ಕೂ ಸಮಾನವಾದ ಮೂರು ದಿಕ್ಕುಗಳು ತೆರೆದಿರುತ್ತವೆ. ಮೂರರಲ್ಲಿ ಯಾವುದನ್ನು ಹಿಡಿದರೂ ಗ್ಯಾಮಾ ಸಿದ್ಧವಾಗುತ್ತದೆ, ಆದರೆ ಒಂದೇ ಒಂದು ದಿಕ್ಕು ಮಾತ್ರ ಮೊದಲಿನ ಆಕಾರವನ್ನು ಹಿಂದಕ್ಕೆ ಕೊಡುತ್ತದೆ. ನಿಟಿನಾಲಿನಲ್ಲಿ ಹರಳಿನ ಕ್ರಮಬದ್ಧತೆಯೇ ಹಿಂದಿರುಗುವ ದಾರಿಯನ್ನು ಒಂದಕ್ಕೆ ಕಟ್ಟಿಹಾಕಿರುವುದರಿಂದ ಅಲ್ಲಿ ಈ ಸಂದಿಗ್ಧವಿಲ್ಲ. ಕಬ್ಬಿಣದಲ್ಲಿ ಹಾಗೆ ಕಟ್ಟಿಹಾಕುವ ಕ್ರಮವಿಲ್ಲ. ಇಲ್ಲಿ ದಾರಿಯನ್ನು ತೋರಿಸತಕ್ಕದ್ದು ಎಪ್ಸಿಲಾನ್ ಫಲಕದ ತುದಿಯಲ್ಲಿ, ಹರಳಿನ ಎಲ್ಲೆಗೋ ಮತ್ತೊಂದು ಅಡಚಣೆಗೋ ತಾಗಿ ನಿಂತ ಪದರಗಳು ತಮ್ಮ ಬೆನ್ನಹಿಂದೆ ಕೂಡಿಟ್ಟುಕೊಂಡಿರುವ ಸ್ಥಿತಿಸ್ಥಾಪಕ ಬಿಗುಪು ಮಾತ್ರ. ಆ ಬಿಗುಪು ಉಳಿದಿದ್ದರೆ ಲೋಹಕ್ಕೆ ಸ್ಮೃತಿಯುಂಟು. ಸುತ್ತಲಿನ ಗ್ಯಾಮಾ ಮೃದುವಾಗಿದ್ದು, ಪರಮಾಣು ಪದರಗಳು ಪೂರ್ಣವಾಗಿ ಜಾರಿ ಆ ಬಿಗುಪನ್ನು ಸಡಿಲಿಸಿಬಿಟ್ಟರೆ, ಎಷ್ಟು ಕಾಯಿಸಿದರೂ ಆಕಾರ ಮರಳುವುದಿಲ್ಲ.

ಆದ್ದರಿಂದ ಬೆರಕೆಗೆ ಬರುವ ಪ್ರತಿಯೊಂದು ಧಾತುವಿಗೂ ಎರಡು ಪ್ರಶ್ನೆಗಳನ್ನು ಹಾಕಬೇಕಾಗುತ್ತದೆ: ಪದರಗಳ ಅರೆಸರಿತವನ್ನು ನೀನು ಸುಲಭಗೊಳಿಸುವೆಯಾ? ಪೂರ್ಣ ಜಾರಿಕೆಯನ್ನು ಕಷ್ಟಗೊಳಿಸುವೆಯಾ? ಮೊದಲನೆಯದಕ್ಕೆ ಲೋಹಜ್ಞರ ಅಳತೆಗೋಲು ಪೇರಿಕೆಯ ದೋಷಕ್ಕೆ ತಗಲುವ ಶಕ್ತಿ; ಅದು ಕಡಿಮೆಯಾದಷ್ಟೂ ಕ-ಖ-ಗ ಎಂಬ ಸರಣಿಯು ಸಲೀಸಾಗಿ ಮುರಿಯುತ್ತದೆ. ಎರಡನೆಯದಕ್ಕೆ ಅಳತೆಗೋಲು ಗ್ಯಾಮಾದ ಬಲ. ಇವೆರಡರಲ್ಲಿಯೂ ಉತ್ತೀರ್ಣವಾಗುವ ಧಾತುಗಳು ವಿರಳ. ಉತ್ತೀರ್ಣವಾದವೂ ಬೇರೊಂದು ದೋಷವನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತವೆ.

ಮ್ಯಾಂಗನೀಸನ್ನೇ ನೋಡೋಣ. ನಮ್ಮ ಸಂಡೂರಿನ ಬೆಟ್ಟಗಳಿಂದಲೂ ಅಗೆದು ತೆಗೆಯುವ ಈ ಧಾತುವಿಲ್ಲದೆ ಈ ಕುಟುಂಬದ ಉಕ್ಕುಗಳೇ ಇಲ್ಲ. ಅದರ ಪಾಲು ತೀರ ಕಡಿಮೆಯಾದರೆ ಒರಟು ಸ್ವಭಾವದ ಹಳೆಯ ಮಾರ್ಟೆನ್ಸೈಟೇ ಮತ್ತೆ ತಲೆಹಾಕುತ್ತದೆ. ಸುಮಾರು ಹದಿನೈದನ್ನು ಮೀರಿದ ಮೇಲೆ ಎಪ್ಸಿಲಾನ್ ತನ್ನ ಅಧಿಕಾರವನ್ನು ಸ್ಥಾಪಿಸುತ್ತದೆ. ಪಾಲನ್ನು ಏರಿಸುತ್ತ ಹೋದಂತೆ ಗ್ಯಾಮಾ ಸ್ಥಿರವಾಗಿ, ರೂಪಾಂತರದ ಉಷ್ಣತೆಯು ಕೊಠಡಿಯ ಉಷ್ಣತೆಯ ಸಮೀಪಕ್ಕೆ ಇಳಿಯುತ್ತದೆ. ನಮಗೆ ಬೇಕಾದದ್ದೂ ಅದೇ: ಸಾಮಾನ್ಯ ಹವೆಯಲ್ಲಿ ಲೋಹವು ಗ್ಯಾಮಾ ಆಗಿದ್ದು, ಎಳೆದಾಗ ಮಾತ್ರ ಎಪ್ಸಿಲಾನ್ ಆಗಬೇಕು. ಆದರೆ ಮ್ಯಾಂಗನೀಸ್ ಮೂವತ್ತರ ಸಮೀಪಕ್ಕೆ ಬಂದಾಗ ಅಯಸ್ಕಾಂತತೆಯ ಮೂಲೆಯಿಂದ ಅನಿರೀಕ್ಷಿತವಾದ ವಿಘ್ನವೊಂದು ಎದುರಾಗುತ್ತದೆ. ಗ್ಯಾಮಾದಲ್ಲಿರುವ ಪರಮಾಣುಗಳ ಪುಟ್ಟ ಅಯಸ್ಕಾಂತಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಮುಖಮಾಡಿ ಒಂದು ಕ್ರಮಕ್ಕೆ ಬಂದು ನಿಲ್ಲುತ್ತವೆ. ಫ್ರಾನ್ಸಿನ ಲೂಯಿ ನೀಲ್ ಅವರ ಹೆಸರಿನಲ್ಲಿ ನೀಲ್ ಉಷ್ಣತೆಯೆಂದು ಕರೆಯುವ ಈ ಹೊಸ್ತಿಲಿನ ಕೆಳಗೆ ಗ್ಯಾಮಾ ತನ್ನ ಸ್ಥಾನವನ್ನು ಬಿಟ್ಟು ಕದಲಲೊಲ್ಲದು. ಮ್ಯಾಂಗನೀಸ್ ಹೆಚ್ಚಿದಷ್ಟೂ ಈ ಹೊಸ್ತಿಲು ಮೇಲೇರಿ, ಕೊಠಡಿಯ ಉಷ್ಣತೆಯನ್ನೂ ದಾಟಿಬಿಡುತ್ತದೆ. ಯಾವ ಧಾತುವು ಎಪ್ಸಿಲಾನಿಗೆ ಬಾಗಿಲು ತೆರೆಯಿತೋ ಅದೇ ಧಾತುವು ಇನ್ನೂ ಸ್ವಲ್ಪ ಹೆಚ್ಚಾದರೆ ಬಾಗಿಲನ್ನು ಮುಚ್ಚುತ್ತದೆ. ಇದಲ್ಲದೆ, ಕಬ್ಬಿಣ ಮತ್ತು ಮ್ಯಾಂಗನೀಸ್ ಇವೆರಡೇ ಕೂಡಿದ ಗ್ಯಾಮಾ ಬಹಳ ಮೃದು. ಜಾರಿಕೆಯನ್ನು ತಡೆಯುವ ಶಕ್ತಿ ಅದಕ್ಕೆ ಸಾಲದು.

ಇಲ್ಲಿ ಸಿಲಿಕಾನ್ ರಂಗಕ್ಕೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಮಿಶ್ರಲೋಹದ ನಿಜವಾದ ನಾಯಕ ಮ್ಯಾಂಗನೀಸ್ ಅಲ್ಲ, ಸಿಲಿಕಾನ್; ಪಾಲು ಚಿಕ್ಕದಾದರೂ ಅದು ಏಕಕಾಲದಲ್ಲಿ ಮೂರು ಉಪಕಾರಗಳನ್ನು ಮಾಡುತ್ತದೆ. ಪೇರಿಕೆಯ ದೋಷದ ಶಕ್ತಿಯನ್ನು ಅದು ತಗ್ಗಿಸುವುದರಿಂದ ಅರೆಸರಿತವು ಸುಗಮವಾಗುತ್ತದೆ. ಹರಳಿನೊಳಗೆ ಕರಗಿ ಸೇರಿಕೊಂಡು ಗ್ಯಾಮಾವನ್ನು ಬಲಪಡಿಸುವುದರಿಂದ ಪೂರ್ಣ ಜಾರಿಕೆಯು ದುಸ್ಸಾಧ್ಯವಾಗುತ್ತದೆ. ಮ್ಯಾಂಗನೀಸ್ ಮೇಲೇರಿಸಿದ್ದ ನೀಲ್ ಉಷ್ಣತೆಯನ್ನು ಕೆಳಕ್ಕೆ ಎಳೆಯುವುದರಿಂದ ಅಯಸ್ಕಾಂತೀಯ ವಿಘ್ನವೂ ದೂರವಾಗುತ್ತದೆ. ಹಿಂದೆ ಹೇಳಿದ ಎರಡು ಪ್ರಶ್ನೆಗಳಿಗೂ ಹೌದೆಂದು ಉತ್ತರಿಸಿ, ಕೇಳದಿದ್ದ ಮೂರನೆಯ ಪ್ರಶ್ನೆಗೂ ಉತ್ತರವನ್ನು ಕೊಡುವ ಇಂಥ ಧಾತು ಮತ್ತೊಂದಿಲ್ಲ. ಸಾತೊ ಅವರ ಹರಳಿನಲ್ಲಿದ್ದದ್ದು ಒಂದೇ ಪಾಲು ಸಿಲಿಕಾನ್. ಒಂಟಿ ಹರಳಿಗೆ ಅಷ್ಟು ಸಾಕಾಯಿತು, ಏಕೆಂದರೆ ಅಲ್ಲಿ ಎಳೆತದ ದಿಕ್ಕನ್ನು ಪ್ರಯೋಗಕಾರನೇ ಅನುಕೂಲವಾಗಿ ಆರಿಸಿಕೊಳ್ಳಬಹುದು. ದಿಕ್ಕುದಿಕ್ಕಿಗೆ ಮುಖಮಾಡಿದ ಅಸಂಖ್ಯ ಹರಳುಗಳ ಸಮೂಹವಾದ ಸಾಮಾನ್ಯ ಲೋಹಕ್ಕೆ ಅದು ಸಾಲದೆ ಹೋಗಿ, ಜಪಾನಿನ ಉಕ್ಕಿನ ತಯಾರಕರು 1980ರ ದಶಕದ ನಡುವಿನ ವರ್ಷಗಳಲ್ಲಿ ಮ್ಯಾಂಗನೀಸನ್ನು 28ರಿಂದ 34ರವರೆಗೂ ಸಿಲಿಕಾನನ್ನು 4ರಿಂದ 6.5ರವರೆಗೂ ಇರಿಸಿದಾಗ ಮಾತ್ರ, ಕುಲುಮೆಯಿಂದ ಬಂದ ಸಾಧಾರಣ ಲೋಹವೂ ಬಹುಮಟ್ಟಿಗೆ ತನ್ನ ಆಕಾರಕ್ಕೆ ಮರಳಿತು. ಹಾಗಾದರೆ ಸಿಲಿಕಾನನ್ನು ಹತ್ತಕ್ಕೆ ಏರಿಸಬಾರದೇಕೆ? ಆರೂವರೆಯ ಆಚೆಗೆ ಲೋಹವು ಪೆಡಸಾಗಿ, ಉರುಳೆಗಳ ನಡುವೆ ತಗಡಾಗಲು ನಿರಾಕರಿಸಿ ಬಿರುಕುಬಿಡುತ್ತದೆ. ನಾಯಕನಿಗೂ ಮಿತಿಯುಂಟು.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಮೊದಲ ಸಲ ಎಳೆದು ಕಾಯಿಸಿದಾಗ ಹಿಂದಿರುಗುವ ವಿರೂಪವು ನೂರಕ್ಕೆ ಎರಡರ ಸುಮಾರಿನಲ್ಲಿಯೇ ನಿಲ್ಲುತ್ತಿತ್ತು. ಇದಕ್ಕೆ ಕಂಡುಕೊಂಡ ಉಪಾಯವು ಅಭ್ಯಾಸ: ಲೋಹವನ್ನು ಎರಡು ಮೂರು ಶೇಕಡದಷ್ಟು ಎಳೆಯುವುದು, ಸುಮಾರು 600 ಡಿಗ್ರಿಗೆ ಕಾಯಿಸುವುದು, ತಣಿಸಿ ಮತ್ತೆ ಎಳೆಯುವುದು, ಹೀಗೆ ನಾಲ್ಕಾರು ಆವೃತ್ತಿಗಳಾದ ಮೇಲೆ ಹರಳಿನೊಳಗೆ ಪೇರಿಕೆಯ ದೋಷಗಳು ಸಮವಾಗಿ ಹರಡಿಕೊಂಡು, ಮುಂದಿನ ಸಲದ ಎಪ್ಸಿಲಾನ್ ಫಲಕಗಳಿಗೆ ಬೀಜಗಳಾಗುತ್ತವೆ. ಫಲಕಗಳು ದಪ್ಪನಾಗಿ ಒಂದನ್ನೊಂದು ಢಿಕ್ಕಿಹೊಡೆಯದೆ ತೆಳುವಾಗಿ, ಸಮಾನಾಂತರವಾಗಿ ಬೆಳೆಯುತ್ತವೆ. ಹಿಂದಿರುಗುವಾಗ ದಾರಿ ತಪ್ಪುವುದಿಲ್ಲ. ಪ್ರಯೋಗಶಾಲೆಯ ಬೆರಳುದ್ದದ ಕಂಬಿಗೆ ಈ ಅಭ್ಯಾಸವು ಚೆಂದವೇ. ಆದರೆ ಸುರಂಗಕ್ಕೆ ಹಾಕತಕ್ಕ ಕೊಳವೆಯ ಜೋಡಣೆಯನ್ನು ಐದು ಸಲ ಎಳೆದು ಐದು ಸಲ ಕೆಂಡದ ಬಿಸಿಗೆ ಒಡ್ಡುವ ಕಾರ್ಖಾನೆಯವನ ಪಾಡನ್ನು ನೆನೆದರೆ, ಇದು ಬಹುಕಾಲ ನಿಲ್ಲತಕ್ಕ ಪರಿಹಾರವಲ್ಲವೆಂಬುದು ಯಾರಿಗಾದರೂ ಹೊಳೆದೀತು.

ಬೇರೊಂದು ಪರಿಹಾರದ ಮಾತಿಗೆ ಹೋಗುವ ಮುಂಚೆ ತುಕ್ಕಿನ ವಿಚಾರವನ್ನು ಮುಗಿಸಿಬಿಡುವುದು ಒಳ್ಳೆಯದು. ಮೂವತ್ತು ಪಾಲು ಮ್ಯಾಂಗನೀಸ್ ಇರುವ ಉಕ್ಕು ತೇವಕ್ಕೆ ಬಲುಬೇಗ ತುತ್ತಾಗುತ್ತದೆ. ತುಕ್ಕಿಗೆ ಮದ್ದು ಕ್ರೋಮಿಯಮ್ ಎಂಬುದು ಅಡಿಗೆಮನೆಯ ಸ್ಟೇನ್‌ಲೆಸ್ ಸ್ಟೀಲಿನ ಪಾತ್ರೆಯನ್ನು ಬಲ್ಲವರಿಗೆಲ್ಲ ತಿಳಿದ ಮಾತು. ಅದರಂತೆ ಮ್ಯಾಂಗನೀಸನ್ನು ಸ್ವಲ್ಪ ತಗ್ಗಿಸಿ ಐದು ಪಾಲು ಕ್ರೋಮಿಯಮ್ ಸೇರಿಸಿದ 28-6-5ರ ಮಿಶ್ರಲೋಹವು ಬಳಕೆಗೆ ಬಂದಿತು. ಕ್ರೋಮಿಯಮನ್ನು ಇನ್ನೂ ಏರಿಸಿದರೆ, ಸಿಗ್ಮಾ ಎಂದು ಕರೆಯುವ, ಗಡುಸಾದರೂ ಭಂಗುರವಾದ ಸಂಯುಕ್ತವೊಂದು ಹರಳಿನ ಅಂಚುಗಳಲ್ಲಿ ಕೂಡಿಕೊಂಡು ಲೋಹವನ್ನು ಕೆಡಿಸುತ್ತದೆ. ಆ ಸಿಗ್ಮಾವನ್ನು ಹತ್ತಿಕ್ಕಿ ಗ್ಯಾಮಾವನ್ನು ಊರ್ಜಿತಗೊಳಿಸಲು ನಿಕಲ್ ಬೇಕಾಗುತ್ತದೆ. ನಿಕಲ್ ಬಂದ ಮೇಲೆ ಗ್ಯಾಮಾ ಅತಿಯಾಗಿ ಸ್ಥಿರವಾಗದಂತೆ ಮ್ಯಾಂಗನೀಸನ್ನು ಮತ್ತಷ್ಟು ಕಡಿತಮಾಡಬೇಕಾಗುತ್ತದೆ. ಕೋಬಾಲ್ಟನ್ನೂ ಕೆಲವರು ಬಳಸಿದ್ದುಂಟು. ಅದರ ಬೆಲೆಯನ್ನು ಕಂಡಮೇಲೆ ಅಗ್ಗದ ಲೋಹವನ್ನು ಅರಸಿ ಹೊರಟವರ ಉದ್ದೇಶವೇ ಮರೆತಂತೆ ತೋರುವುದರಿಂದ ಅದರ ಮಾತು ಇಷ್ಟಕ್ಕೆ ಸಾಕು. ಅಲ್ಯೂಮಿನಿಯಮ್ ಈ ಕುಟುಂಬಕ್ಕೆ ಆಗದು. ಅದು ಪೇರಿಕೆಯ ದೋಷದ ಶಕ್ತಿಯನ್ನು ಹೆಚ್ಚಿಸಿ ಎಪ್ಸಿಲಾನಿನ ಹುಟ್ಟನ್ನೇ ತಡೆಯುತ್ತದೆ. ಆದರೂ ಆ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಅಭ್ಯಾಸದ ಗೊಡವೆಯನ್ನು ತಪ್ಪಿಸಿದ್ದು ಧಾತುಗಳಲ್ಲಿ ಅತ್ಯಂತ ಅಲ್ಪಪ್ರಮಾಣದವು. ಜಪಾನಿನ ತ್ಸುಕುಬಾ ವಿಜ್ಞಾನನಗರಿಯಲ್ಲಿ ಕಜಿವಾರಾ, ಕಿಕುಚಿ ಮೊದಲಾದವರು 2001ರಲ್ಲಿ, ಅರ್ಧ ಶೇಕಡದಷ್ಟು ನಯೋಬಿಯಮ್ಮನ್ನೂ ಕೊಂಚ ಇಂಗಾಲವನ್ನೂ ಮೇಲೆ ಹೇಳಿದ ಕ್ರೋಮಿಯಮ್ ಮಿಶ್ರಲೋಹಕ್ಕೆ ಸೇರಿಸಿ, ಉರುಳೆಗಳಲ್ಲಿ ಒತ್ತಿ, 800 ಡಿಗ್ರಿಯ ಸುಮಾರಿಗೆ ಕಾಯಿಸಿಟ್ಟರು. ಆಗ ನಯೋಬಿಯಮ್ಮೂ ಇಂಗಾಲವೂ ಕೂಡಿ ಅತಿಸೂಕ್ಷ್ಮವಾದ ಕಾರ್ಬೈಡ್ ಕಣಗಳಾಗಿ ಗ್ಯಾಮಾದ ಉದ್ದಗಲಕ್ಕೂ ಚೆದುರಿ ನಿಂತವು. ಈ ಕಣಗಳಲ್ಲಿ ಪರಮಾಣುಗಳು ಹೆಣೆದ ಜಾಲಂದರವು ಗ್ಯಾಮಾದ ಜಾಲಂದರಕ್ಕಿಂತ ಕಾಲುಭಾಗದಷ್ಟು ದೊಡ್ಡದು. ಆದುದರಿಂದ ಪ್ರತಿಯೊಂದು ಕಣದ ಸುತ್ತಲೂ ಹರಳು ಬಿಗಿದುಕೊಂಡಿರುತ್ತದೆ. ಆ ಬಿಗಿದ ಜಾಗದಲ್ಲಿಯೇ ಪೇರಿಕೆಯ ದೋಷಗಳು ಹುಟ್ಟುತ್ತವೆ, ಎಪ್ಸಿಲಾನ್ ಫಲಕಗಳು ಅಲ್ಲಿಂದಲೇ ಹೊರಡುತ್ತವೆ. ಜಾರಿಕೆಗೆ ಅದೇ ಕಣವು ತಡೆಯಾಗಿ ನಿಲ್ಲುತ್ತದೆ. ಫಲಕದ ತುದಿಯು ಅದೇ ಕಣಕ್ಕೆ ತಾಗಿ ಹಿಂದಕ್ಕೆಳೆಯುವ ಬಿಗುಪನ್ನು ಕೂಡಿಟ್ಟುಕೊಳ್ಳುತ್ತದೆ. ಹಲವು ಆವೃತ್ತಿಗಳ ಅಭ್ಯಾಸದಿಂದ ದೊರೆಯುತ್ತಿದ್ದ ಫಲವು ಒಂದೇ ಪಾಕದಲ್ಲಿ ದೊರೆಯಿತು. ಉಕ್ಕಿನ ಹಳೆಯ ಮಾರ್ಟೆನ್ಸೈಟಿನಲ್ಲಿ ಇಂಗಾಲವು ಬೇರ್ಪಡುವುದು ಸ್ಮೃತಿನಾಶಕ್ಕೆ ಕಾರಣವೆಂದು ಹೇಳಿದೆನಷ್ಟೆ. ಇಲ್ಲಿ ಬೇರ್ಪಟ್ಟ ಇಂಗಾಲವೇ ಸ್ಮೃತಿಯ ಆಧಾರವಾಗಿ ಕುಳಿತಿದೆ.

ಇದರ ಮುಂದಿನ ಹೆಜ್ಜೆ ಸ್ವಿಟ್ಜರ್ಲೆಂಡಿನದು. ಡ್ಯೂಬೆಂಡಾರ್ಫ್ ಪಟ್ಟಣದಲ್ಲಿರುವ ಎಂಪಾ ಎಂಬ ಪ್ರಯೋಗಾಲಯದವರು ನಯೋಬಿಯಮ್ಮಿನ ಸ್ಥಾನಕ್ಕೆ ವೆನೇಡಿಯಮ್ಮನ್ನು ತಂದರು. ವೆನೇಡಿಯಮ್ ಕಾರ್ಬೈಡಿನ ಜಾಲಂದರವು ಗ್ಯಾಮಾದ ಅಳತೆಗೆ ಇನ್ನಷ್ಟು ಸಮೀಪವಾದದ್ದು, ವ್ಯತ್ಯಾಸ ಆರನೆಯ ಒಂದು ಪಾಲಿನಷ್ಟು ಮಾತ್ರ; ಆದಕಾರಣ ಕಣಗಳು ಇನ್ನೂ ಸಣ್ಣದಾಗಿ, ಇನ್ನೂ ಒತ್ತಾಗಿ ಹುಟ್ಟುತ್ತವೆ. 2009ರಲ್ಲಿ ಅವರು ವರದಿಮಾಡಿದ ಮಿಶ್ರಲೋಹದ ಜಾತಕ ಹೀಗಿದೆ: ಮ್ಯಾಂಗನೀಸ್ 17, ಸಿಲಿಕಾನ್ 5, ಕ್ರೋಮಿಯಮ್ 10, ನಿಕಲ್ 4, ವೆನೇಡಿಯಮ್ಮೂ ಇಂಗಾಲವೂ ಕೂಡಿ 1, ಮಿಕ್ಕದ್ದು ಕಬ್ಬಿಣ. ಈ ಸಾಲನ್ನು ಓದುವಾಗ ಪ್ರತಿ ಅಂಕಿಯ ಹಿಂದೆಯೂ ನಾವು ಈವರೆಗೆ ಕಂಡ ಒಂದೊಂದು ವ್ಯಾಜ್ಯವೂ ಅದರ ರಾಜಿಯೂ ಅಡಗಿರುವುದು ಎದ್ದುಕಾಣುತ್ತದೆ. ನಿರ್ವಾತದ ಹಂಗಿಲ್ಲದೆ, ಸಾಮಾನ್ಯ ವಾಯುವಿನಲ್ಲಿಯೇ ಇದನ್ನು ಕರಗಿಸಿ ಎರೆಯಬಹುದೆಂಬುದು ಇದರ ದೊಡ್ಡ ಸೌಕರ್ಯ.

ಇದರ ಉಪಯೋಗದ ಬಗೆ ಸೊಗಸಾಗಿದೆ. ಈ ಲೋಹದ ಪಟ್ಟಿಯನ್ನು ಕಾರ್ಖಾನೆಯಲ್ಲಿಯೇ ನಾಲ್ಕು ಶೇಕಡದಷ್ಟು ಎಳೆದಿಟ್ಟು, ಹಳೆಯ ಕಾಂಕ್ರೀಟಿನ ತೊಲೆಯ ಅಡಿಗೆ ತಂದು, ಎರಡು ತುದಿಗಳನ್ನೂ ಭದ್ರವಾಗಿ ಬಿಗಿದು, 160 ಡಿಗ್ರಿಯ ಸುಮಾರಿಗೆ ಕಾಯಿಸುತ್ತಾರೆ. ಪಟ್ಟಿಯು ಗಿಡ್ಡವಾಗಲು ಹವಣಿಸುತ್ತದೆ. ತುದಿಗಳು ಬಂಧಿತವಾಗಿರುವುದರಿಂದ ಗಿಡ್ಡವಾಗಲಾರದೆ, ಆ ಹವಣಿಕೆಯೆಲ್ಲವೂ ಸೆಳೆತವಾಗಿ ಪರಿಣಮಿಸಿ ತೊಲೆಯನ್ನು ಅದುಮಿ ಹಿಡಿಯುತ್ತದೆ. ಆ ಸೆಳೆತವು ಒಂದು ಚದರ ಮಿಲಿಮೀಟರಿಗೆ ಮೂವತ್ತು ಕಿಲೋಗ್ರಾಂ ತೂಕದಷ್ಟಕ್ಕೂ ಮಿಗಿಲು. ಜ್ಯಾಕು, ಪಂಪು, ಎಳೆಯುವ ಯಂತ್ರ ಯಾವುದೂ ಬೇಡ. ಜಪಾನಿನಲ್ಲಿ ಇದಕ್ಕೂ ಮೊದಲೇ, ಭಾರವಾದ ಕ್ರೇನುಗಳು ಓಡಾಡುವ ಹಳಿಗಳ ಸಂದುಗಳನ್ನು ಬಿಗಿಯುವುದಕ್ಕೂ ಕೊಳವೆಗಳನ್ನು ಜೋಡಿಸುವುದಕ್ಕೂ ಈ ಕುಟುಂಬದ ಲೋಹವನ್ನು ಬಳಸಿದ್ದರು.

ಇನ್ನೊಂದು ಉಪಯೋಗದಲ್ಲಿ ಕಾಯಿಸುವ ಪ್ರಶ್ನೆಯೇ ಇಲ್ಲ. ಭೂಕಂಪದ ಹೊತ್ತಿನಲ್ಲಿ ಕಟ್ಟಡದ ಓಲಾಟವನ್ನು ನುಂಗತಕ್ಕ ತಡೆಗಳಿಗೆ ಬಳಸುವ ಸಾಧಾರಣ ಉಕ್ಕು ಅತ್ತಿತ್ತ ಬಾಗಿ ಬಾಗಿ ದಣಿದು ಬಿರಿಯುತ್ತದೆ. ತ್ಸುಕುಬಾದ ಸಂಸ್ಥೆಯವರು ಮ್ಯಾಂಗನೀಸ್ 15, ಕ್ರೋಮಿಯಮ್ 10, ನಿಕಲ್ 8, ಸಿಲಿಕಾನ್ 4 ಇರುವ ಮಿಶ್ರಲೋಹವೊಂದನ್ನು ಹದಗೊಳಿಸಿದರು. ಇದರಲ್ಲಿ ಎಳೆದಾಗ ಹುಟ್ಟಿದ ಎಪ್ಸಿಲಾನ್ ಒತ್ತಿದಾಗ ಮತ್ತೆ ಗ್ಯಾಮಾ ಆಗುತ್ತದೆ. ಓಲಾಟದ ಎರಡು ದಿಕ್ಕುಗಳಲ್ಲಿಯೂ ಅವೇ ಪದರಗಳು ಹೋಗಿ ಬರುವುದರಿಂದ ಹರಳಿನಲ್ಲಿ ಗಾಯ ಕೂಡಿಕೊಳ್ಳುವುದಿಲ್ಲ. ಆಯಸ್ಸು ಸಾಧಾರಣ ಉಕ್ಕಿನ ತಡೆಗಿಂತ ಹತ್ತುಪಟ್ಟಿನಷ್ಟಾಗುತ್ತದೆ. ಸಿಲಿಕಾನನ್ನು ಆರರಿಂದ ನಾಲ್ಕಕ್ಕೆ ಇಳಿಸಿದಾಗ ಕಾಯಿಸಿದರೆ ಮರಳುವ ಗುಣ ಕುಂದುತ್ತದೆ. ಇಲ್ಲಿ ಅದರ ಅವಶ್ಯಕತೆಯೇ ಇಲ್ಲ. ನಗೋಯಾ ನಗರದ ಜೆಪಿ ಟವರ್ ಎಂಬ ಎತ್ತರದ ಕಟ್ಟಡದಲ್ಲಿ ಈ ತಡೆಗಳನ್ನು ಅಳವಡಿಸಿದ್ದಾರೆ.

ಇಲ್ಲಿಯವರೆಗಿನದು ಒಂದು ಕುಟುಂಬದ ಕಥೆ. ಕಬ್ಬಿಣದಲ್ಲಿ ಸ್ಮೃತಿಯನ್ನು ಪಡೆಯುವ ಬೇರೆ ಮಾರ್ಗಗಳೂ ಉಂಟು. ಸೆಂಡಾಯ್‌ನಲ್ಲಿರುವ ತೊಹೊಕು ವಿಶ್ವವಿದ್ಯಾಲಯದ ಕೈನುಮಾ, ಒಮೊರಿ ಮೊದಲಾದವರು 2010ರಲ್ಲಿ ನಿಕಲ್, ಕೋಬಾಲ್ಟ್, ಅಲ್ಯೂಮಿನಿಯಮ್, ಟಾಂಟಲಮ್ ಮತ್ತು ಅತ್ಯಲ್ಪ ಬೋರಾನ್ ಸೇರಿದ ಕಬ್ಬಿಣವೊಂದನ್ನು ಪ್ರಕಟಿಸಿದರು. ಅದು ಕಾಯಿಸದೆಯೇ, ಹಿಡಿತವನ್ನು ಬಿಟ್ಟೊಡನೆ, ನೂರಕ್ಕೆ ಹದಿಮೂರರಷ್ಟು ವಿರೂಪದಿಂದ ಹಿಂದಿರುಗುತ್ತದೆ. ಇದು ನಿಟಿನಾಲಿನ ಸುಮಾರು ಎರಡರಷ್ಟು. ಆ ಬೋರಾನಿನ ಪಾಲು ಹತ್ತು ಸಾವಿರ ಪರಮಾಣುಗಳಿಗೆ ಐದು. ಅಷ್ಟೂ ಇಲ್ಲದಿದ್ದರೆ ನಿಕಲ್-ಅಲ್ಯೂಮಿನಿಯಮ್ ಸಂಯುಕ್ತವು ಹರಳುಗಳ ಎಲ್ಲೆಯಲ್ಲಿ ಕೂಡಿಕೊಂಡು ಲೋಹವು ಎಳೆದ ಮಾತ್ರಕ್ಕೆ ಸೀಳುತ್ತದೆ. ಇದು ಕೈಚಳಕದಲ್ಲಿ ಬೆರಗುಗೊಳಿಸುವ ಲೋಹವಾದರೂ, ಕೋಬಾಲ್ಟೂ ಟಾಂಟಲಮ್ಮೂ ಇರುವ ಪಾಕವನ್ನು ಅಗ್ಗವೆಂದು ಯಾರೂ ಕರೆಯಲಾರರು.

ಮರುವರ್ಷ ಅದೇ ತಂಡದವರು ಕೊಟ್ಟ ಇನ್ನೊಂದು ಲೋಹ ನನಗೆ ಹೆಚ್ಚು ಪ್ರಿಯವಾದದ್ದು: ಕಬ್ಬಿಣ, ಮ್ಯಾಂಗನೀಸ್, ಅಲ್ಯೂಮಿನಿಯಮ್, ನಿಕಲ್. ಎಪ್ಸಿಲಾನ್ ಕುಟುಂಬದಿಂದ ಬಹಿಷ್ಕೃತವಾಗಿದ್ದ ಅಲ್ಯೂಮಿನಿಯಮ್ ಇಲ್ಲಿ ಮುಖ್ಯಸ್ಥಾನದಲ್ಲಿದೆ. ಈ ಲೋಹದಲ್ಲಿ ಪಾತ್ರಗಳು ತಿರುಗುಮುರುಗಾಗಿವೆ. ಸಾಮಾನ್ಯ ಕಬ್ಬಿಣದ ವಿನ್ಯಾಸವೇ ಮೂಲರೂಪ, ಎಳೆದಾಗ ಹುಟ್ಟುವುದೇ ಗ್ಯಾಮಾದ ವಿನ್ಯಾಸ. ಅಲ್ಯೂಮಿನಿಯಮ್ ಆ ಮೂಲರೂಪವನ್ನು ಪೋಷಿಸುತ್ತದೆ, ನಿಕಲ್ ಅದರೊಡನೆ ಕೂಡಿ ಅತಿಸೂಕ್ಷ್ಮವಾದ ಕ್ರಮಬದ್ಧ ಕಣಗಳನ್ನು ಒದಗಿಸಿ ಹಿಂದಿರುಗುವ ದಾರಿಯನ್ನು ನಿಶ್ಚಯಿಸುತ್ತದೆ. ನಿಟಿನಾಲ್ ತಂತಿಯನ್ನು ಎಳೆಯಲು ಬೇಕಾಗುವ ಬಲವು ಬಿಸಿಯೇರಿದಂತೆ ತೀವ್ರವಾಗಿ ಏರುತ್ತದೆ. ಈ ಲೋಹದಲ್ಲಿ ಆ ಏರಿಕೆಯು ಡಿಗ್ರಿಯೊಂದಕ್ಕೆ ಅರ್ಧ ಮೆಗಾಪ್ಯಾಸ್ಕಲಿನ ಸುಮಾರು ಮಾತ್ರ, ಅಂದರೆ ನಿಟಿನಾಲಿನದರ ಹತ್ತನೆಯ ಒಂದು ಪಾಲಿನಷ್ಟು. ಸೊನ್ನೆಗಿಂತ ಕೆಳಗೆ 196 ಡಿಗ್ರಿಯಿಂದ ಸೊನ್ನೆಗಿಂತ ಮೇಲೆ 240 ಡಿಗ್ರಿಯವರೆಗೂ ಅದು ತನ್ನ ಗುಣವನ್ನು ಬಿಡದು. 2020ರಲ್ಲಿ ಇದಕ್ಕೆ ಕ್ರೋಮಿಯಮ್ ಸೇರಿಸಿದಾಗ ಮತ್ತೊಂದು ಅಚ್ಚರಿ ಹೊರಬಿತ್ತು: ಕ್ರೋಮಿಯಮ್ಮಿನ ಪಾಲನ್ನು ಹದವಾಗಿ ಏರಿಸುತ್ತ ಹೋದರೆ ಆ ಅರ್ಧವೂ ಕರಗಿ ಸೊನ್ನೆಯಾಗುತ್ತದೆ, ಇನ್ನೂ ಏರಿಸಿದರೆ ಋಣವಾಗುತ್ತದೆ, ತಣ್ಣಗಾದಷ್ಟೂ ಹೆಚ್ಚು ಬಲವನ್ನು ಬೇಡುವ ಲೋಹ ಕೈಗೆ ಬರುತ್ತದೆ. ಅಲ್ಲಿ ತುಕ್ಕಿಗೆಂದು ಕರೆಸಿಕೊಂಡಿದ್ದ ಕ್ರೋಮಿಯಮ್ಮಿಗೆ ಇಲ್ಲಿ ಈ ಉದ್ಯೋಗ.

ಆದರೆ ಈ ಲೋಹಕ್ಕೂ ಒಂದು ಹಠವಿದೆ. ಹರಳಿನ ಗಾತ್ರವು ತಂತಿಯ ದಪ್ಪಕ್ಕಿಂತ ದೊಡ್ಡದಾಗಿ, ಬಿದಿರಿನ ಗೆಣ್ಣುಗಳಂತೆ ಒಂದರ ಮೇಲೊಂದು ನಿಂತರೆ ಮಾತ್ರ ಅದು ಪೂರ್ಣವಾಗಿ ಹಿಂದಿರುಗುತ್ತದೆ. ಸಣ್ಣ ಹರಳುಗಳು ಒತ್ತೊತ್ತಾಗಿದ್ದರೆ ಒಂದರ ವಿರೂಪಕ್ಕೆ ಮತ್ತೊಂದು ಅಡ್ಡಬಂದು ಎಲ್ಲೆಗಳಲ್ಲಿ ಸೀಳು ಹುಟ್ಟುತ್ತದೆ. ಅಷ್ಟು ದೊಡ್ಡ ಹರಳುಗಳನ್ನು ಬೆಳೆಸಲು ಲೋಹವನ್ನು ಮೇಲಿಂದ ಮೇಲೆ ಕಾಯಿಸಿ ತಣಿಸುವ ದೀರ್ಘವಾದ ಉಪಚಾರವು ಬೇಕು. ಜರ್ಮನಿಯ ಕಾಸೆಲ್ ನಗರದ ಸಂಶೋಧಕರು 2019ರಲ್ಲಿ ತೋರಿಸಿಕೊಟ್ಟಂತೆ, ಒಂದೂವರೆ ಪಾಲು ಟೈಟೇನಿಯಮ್ ಸೇರಿದರೆ ಹರಳುಗಳ ಎಲ್ಲೆಗಳು ಬಹಳ ವೇಗವಾಗಿ ಚಲಿಸಿ, ಒಂದು ಹರಳು ನೆರೆಯ ಸಣ್ಣವನ್ನೆಲ್ಲ ನುಂಗಿ ದೊಡ್ಡದಾಗುತ್ತದೆ, ಉಪಚಾರದ ಕಾಲವೂ ಮೊಟಕಾಗುತ್ತದೆ. ನಿಟಿನಾಲಿನಲ್ಲಿ ಪರಮಾಣುಗಳ ಅರ್ಧಪಾಲನ್ನು ಆಕ್ರಮಿಸಿಕೊಂಡಿದ್ದು, ಕರಗಿಸುವವನಿಗೆ ನಿರ್ವಾತದ ದಂಡವನ್ನು ವಿಧಿಸಿದ್ದ ಧಾತುವೇ ಇದು.